ನಾಲ್ಕು ಟಯರು, ಒಂದು ‘ನೋಡುವ’

ಲಾಯಿಲ: ಪಟ್ಟಿ ಬರೆಯುವ ಕಾಲ

ನಮ್ಮ ಬೆಳ್ತಂಗಡಿ ಕಡೆಯವರಿಗೆ ‘ಇಲ್ಲ’ ಎನ್ನುವ ಶಬ್ದ ನಾಲಿಗೆಗೆ ಬರುವುದಿಲ್ಲ. ಗೃಹಪ್ರವೇಶಕ್ಕೆ ಕರೆಯಲಿ, ಏಣಿ ಕೇಳಲಿ, ನಿಮ್ಮ ತಂಗಿಗೆ ಒಂದು ಗಂಡು ಉಂಟು ಎನ್ನಲಿ, ನಾವು ಹೇಳುವುದು ‘ನೋಡುವ’. ಮನೆಯಲ್ಲಿ ಆಡುವ ತುಳುವಿನಲ್ಲಾದರೆ ‘ತೂಕ’. ಆಗುವುದಿಲ್ಲ, ಆದರೆ ಅದನ್ನು ನಿಮ್ಮ ಮುಖಕ್ಕೆ ಹೇಳಲು ನನಗೆ ಮನಸ್ಸಿಲ್ಲ ಎಂದು ಇದರ ಅರ್ಥ. ಲಾಯಿಲದ ನನ್ನ ಟೈಲರಿಂಗ್ ಅಂಗಡಿಯಲ್ಲಿ ನಾನೇ ದಿನಕ್ಕೆ ಹತ್ತು ಸಲ ಹೇಳುತ್ತೇನೆ. “ಶುಕ್ರವಾರಕ್ಕೆ ಬ್ಲೌಸ್ ಸಿಗಬಹುದಾ ಅಕ್ಕ?” “ನೋಡುವ.” ಕೇಳಿದವಳು ನೇರ ಮುಂದಿನ ಬುಧವಾರ ಬರುತ್ತಾಳೆ. ಇಬ್ಬರಿಗೂ ಬೇಸರವಿಲ್ಲ.

ನನ್ನ ಗಂಡನ ಹೆಸರು ಸಂಜೀವಣ್ಣ. ಗಂಡನಿಗೆ ಅಣ್ಣ ಎನ್ನಬಾರದು ಎಂದು ನನಗೂ ಗೊತ್ತು. ಆದರೆ ಇಡೀ ತಾಲೂಕು ಹಾಗೆ ಕರೆಯುವುದರಿಂದ ಬರೆಯುವಾಗ ಕೈ ತಾನಾಗಿ ಬರೆದುಬಿಡುತ್ತದೆ. ಮೂವತ್ತೈದು ವರ್ಷ ಬೆಳ್ತಂಗಡಿಯಿಂದ ಘಟ್ಟದ ಬುಡದ ಹಳ್ಳಿಗಳಿಗೆ ಸರ್ವಿಸ್ ಜೀಪು ಓಡಿಸಿದವರು. ಒಳಗೆ ಹತ್ತು ಜನ, ಹಿಂದೆ ನೇತಾಡುವವರು ಆರು ಜನ, ಮೇಲೆ ದನದ ಹಿಂಡಿಯ ಗೋಣಿ. ಪ್ರತಿದಿನ ಬೆಳಿಗ್ಗೆ ಹಲ್ಲುಜ್ಜುವ ಮೊದಲು ನಾಲ್ಕು ಟಯರಿಗೂ ಒಂದೊಂದು ಒದೆ ಕೊಟ್ಟು ಗಾಳಿ ಸರಿ ಉಂಟೋ ಎಂದು ನೋಡುವುದು ಇವರ ಸುಪ್ರಭಾತ. ಟಯರಿನ ಗಾಳಿ ಇಳಿಯಲು ಬಿಟ್ಟವನು ಡ್ರೈವರನೇ ಅಲ್ಲ ಎಂದು ಇವರ ಅಭಿಪ್ರಾಯ.

ಹೋದ ವರ್ಷ ಕಣ್ಣಿಗೆ ಪೊರೆ ಬಂದು, ಅದನ್ನು ಯಾರಿಗೂ ಹೇಳದೆ, ಗುರುವಾಯನಕೆರೆ ಹತ್ತಿರ ಜೀಪನ್ನು ಚರಂಡಿಗೆ ಇಳಿಸಿದರು. ಯಾರಿಗೂ ಏನೂ ಆಗಲಿಲ್ಲ. ಮಸ್ಕತ್ತಿನಲ್ಲಿರುವ ಮಗಳು ಸುಪ್ರೀತಾ ಫೋನಿನಲ್ಲಿ ಒಂದು ಗಂಟೆ ಅತ್ತಳು. “ಇನ್ನು ಸ್ಟೇರಿಂಗ್ ಮುಟ್ಟುವುದಿಲ್ಲ ಅಂತ ನನ್ನ ಮೇಲೆ ಆಣೆ ಹಾಕಿ” ಎಂದಳು. ಇವರು ಆಣೆ ಹಾಕಲಿಲ್ಲ, ಜೀಪನ್ನೇ ಮಾರಿಬಿಟ್ಟರು. ಆಮೇಲೆ ಕಣ್ಣಿನ ಆಪರೇಷನ್ ಆಯಿತು. ಈಗ ನನ್ನ ಸೂಜಿಗೆ ನೂಲು ಪೋಣಿಸಿ ಕೊಡುವುದು ಇವರೇ. ಗಾಡಿ ಬಿಡಬಹುದು ಎಂದು ಡಾಕ್ಟರೂ ಹೇಳಿದರು. ಮಗಳು ಮಾತ್ರ ಹೇಳಲಿಲ್ಲ, ಇವರೂ ಕೇಳಲಿಲ್ಲ. ಬೆಳಿಗ್ಗೆ ಎದ್ದು ಪಕ್ಕದ ಮನೆಯ ರಿಕ್ಷಾದ ಟಯರಿಗೆ ಒದ್ದು ಬರುತ್ತಾರೆ. ನಾನು ಕಂಡೂ ಕಾಣದವಳಂತೆ ಚಾಕ್ಕೆ ನೀರಿಡುತ್ತೇನೆ.

ಹೀಗಿರುವಾಗ ಅಳಿಯ ಪ್ರದೀಪನ ಫೋನು ಬಂತು. ಮೂಡುಬಿದಿರೆಯ ಹುಡುಗ, ಮಸ್ಕತ್ತಿನ ಒಂದು ಕಂಪೆನಿಯಲ್ಲಿ ಸ್ಟೋರ್ ಕೀಪರ್. ಡಿಸೆಂಬರಿನಲ್ಲಿ ಬನ್ನಿ, ಮರುಭೂಮಿಯ ನಟ್ಟನಡುವೆ ಡೇರೆ ಹಾಕಿ ಒಂದು ರಾತ್ರಿ ಇರುವ, ಬಂಟ್ವಾಳದ ಗೆಳೆಯ ಹಮೀದ್ ಮತ್ತು ಅವನ ಹೆಂಡತಿ ರಮ್ಲಾ ಅವರ ಗಾಡಿಯಲ್ಲಿ ಬರುತ್ತಾರೆ, ನಾವು ನಮ್ಮ ಗಾಡಿಯಲ್ಲಿ, ಎರಡೂ ಫೋರ್ ವೀಲ್ ಡ್ರೈವ್ ಎಂದ. ಆ ಕೊನೆಯ ಮೂರು ಶಬ್ದಕ್ಕೆ ಇವರು ಊಟದ ತಟ್ಟೆ ಬಿಟ್ಟು ಎದ್ದು ಬಂದರು.

“ಪ್ರದೀಪಾ, ಅಲ್ಲಿ ನಾನೂ ಸ್ವಲ್ಪ ಗಾಡಿ ಬಿಡಬಹುದಾ?”

ಮಸ್ಕತ್ತಿನಲ್ಲಿ ಪ್ರದೀಪ ಹೆಂಡತಿಯ ಮುಖ ನೋಡಿರಬೇಕು.

“ನೋಡುವ ಮಾವ” ಎಂದ.

ಇವರು “ಆಯ್ತು ಆಯ್ತು” ಎಂದು ಊಟಕ್ಕೆ ಹೋಗಿ ಕೂತರು. ಅನ್ನ ಎರಡನೇ ಸಲ ಹಾಕಿಸಿಕೊಳ್ಳಲಿಲ್ಲ.

ಮರುದಿನ ನಮ್ಮಿಬ್ಬರನ್ನೂ ‘ಮರಳು ದಂಡು’ ಎಂಬ ವಾಟ್ಸಾಪ್ ಗುಂಪಿಗೆ ಸೇರಿಸಿದರು. ಸ್ಟೋರ್ ಕೀಪರಿಗೆ ಪಟ್ಟಿ ಬರೆಯುವುದೆಂದರೆ ನಮಗೆ ಚಾ ಕುಡಿದ ಹಾಗೆ. ನೀರಿನ ಕ್ಯಾನು, ಸಲಿಕೆ, ಎಳೆಯುವ ಹಗ್ಗ, ಗಾಳಿ ತುಂಬುವ ಕಂಪ್ರೆಸರ್, ಗಾಳಿ ಅಳೆಯುವ ಗೇಜು, ಒಲೆ, ಒಲೆ ಕೆಟ್ಟರೆ ಇನ್ನೊಂದು ಒಲೆ. ನಲವತ್ತೊಂದನೆಯದು ಹಲ್ಲುಕಡ್ಡಿ. ನಮ್ಮವರು ಒಂದೇ ಶಬ್ದದ ಧ್ವನಿ ಸಂದೇಶ ಕಳಿಸಿದರು: “ಕತ್ತಿ.” ನಾನು ಎರಡು ಓಲೆ ಚಾಪೆ ಎಂದು ಸೇರಿಸಿದೆ.

“ಅತ್ತೆ, ಚಾಪೆ ಎಂತಕ್ಕೆ? ಗಾಳಿ ತುಂಬುವ ಹಾಸಿಗೆ ಉಂಟು ಇಲ್ಲಿ” ಎಂದ ಪ್ರದೀಪ.

“ನೋಡುವ” ಎಂದು ಚಾಪೆ ಸುತ್ತಿ ಕಟ್ಟಿದೆ.

ಹಮೀದನ ಚಿಂತೆಯೇ ಬೇರೆ. “ಅಕ್ಕ, ನಮ್ಮ ಬಂಟ್ವಾಳದಲ್ಲಿ ಒಂದು ಲೋಡು ಹೊಳೆ ಮರಳಿಗೆ ಎಷ್ಟು ಜನರ ಕಾಲು ಹಿಡಿಯಬೇಕು ಹೇಳಿ. ಇಲ್ಲಿ ಇಷ್ಟು ಬಿದ್ದುಕೊಂಡು ಉಂಟು, ಕೇಳುವವರೇ ಇಲ್ಲ ಮಾರಾಯ್ರೆ. ನೋಡಿದ್ರೆ ಹೊಟ್ಟೆ ಉರಿಯುತ್ತದೆ.”

ಮಂಗಳೂರು ವಿಮಾನ ನಿಲ್ದಾಣ

ಕತ್ತಿ ಇಲ್ಲಿಗೇ ನಿಂತಿತು. ಬೇಡವೆಂದು ನಾನು ಹೇಳಿದ್ದೆ. ಕಾಡಿಗೆ ಹೋಗುವವರು ಕತ್ತಿ ಇಲ್ಲದೆ ಹೇಗೆ, ಬೆಂಕಿಗೆ ಕಟ್ಟಿಗೆ ಕಡಿಯುವುದು ಯಾರು ಎಂದು ಇವರು ಅದನ್ನು ಲುಂಗಿಯಲ್ಲಿ ಸುತ್ತಿ ಕೈಚೀಲದ ತಳದಲ್ಲಿಟ್ಟಿದ್ದರು. ನಾವು ಹೋಗುತ್ತಿರುವುದು ಮರವೇ ಇಲ್ಲದ ಊರಿಗೆ ಎಂಬುದು ನಮ್ಮಿಬ್ಬರಿಗೂ ಆ ಹೊತ್ತಿಗೆ ಹೊಳೆದಿರಲಿಲ್ಲ. ತಪಾಸಣೆಯ ಹುಡುಗಿ ಲುಂಗಿ ಬಿಚ್ಚಿ ನೋಡಿ, ಇವರ ಮುಖ ನೋಡಿ, ಮತ್ತೆ ಕತ್ತಿ ನೋಡಿದಳು. “ತೆಂಗಿನಕಾಯಿ ಸುಲಿಯಲಿಕ್ಕೆ” ಎಂದರು ಇವರು. ಕತ್ತಿ ಅಲ್ಲೇ ಉಳಿಯಿತು, ಲುಂಗಿ ಸಿಕ್ಕಿತು. ಚಾಪೆಯ ಸುರುಳಿಯನ್ನು ಮೂರು ಜನ ಮೂಸಿ ನೋಡಿ ಬಿಟ್ಟುಕೊಟ್ಟರು.

ಮಸ್ಕತ್: ಸೋಫಾದ ಮೇಲೆ ಮೂರು ಸಂಜೆ

ಪೆಟ್ಟಿಗೆ ಬಿಚ್ಚಿದಾಗ, ಕೋಳಿ ಸಾರಿಗೆಂದು ತಂದ ಗರಿಗರಿ ಕೋರಿ ರೊಟ್ಟಿಯ ಹತ್ತು ಪ್ಯಾಕೆಟ್ಟೂ ಪುಡಿಯಾಗಿದ್ದವು. ಮೊಮ್ಮಗಳು ದಿಯಾಳಿಗೆ ಆರು ವರ್ಷ. ಅದನ್ನು ಹಾಲಿಗೆ ಹಾಕಿ ತಿಂದು ಊರಿನ ಕಾರ್ನ್ ಫ್ಲೇಕ್ಸ್ ಒಳ್ಳೆಯದುಂಟು ಎಂದಳು.

ಮಸ್ಕತ್ತಿನಲ್ಲಿ ನನಗೆ ಮೊದಲ ಅಡಚಣೆ ರಸ್ತೆ ದಾಟುವುದು. ಮಡಂತ್ಯಾರು ಪೇಟೆಯಲ್ಲಿ ನಾವು ರಸ್ತೆ ದಾಟುವುದು ವಾಹನಗಳ ಕಣ್ಣು ತಪ್ಪಿಸಿ. ಇಲ್ಲಿ ನಾನು ಅಂಚಿಗೆ ಬಂದು ನಿಂತದ್ದೇ ತಡ, ದೊಡ್ಡ ಕಾರೊಂದು ನಿಂತಿತು. ಅದು ಹೋಗಲಿ ಎಂದು ನಾನು ಕಾದೆ. ನಾನು ದಾಟಲಿ ಎಂದು ಅದು ಕಾಯಿತು. ಅದರ ಹಿಂದೆ ಇನ್ನೂ ನಾಲ್ಕು ಕಾರು ನಿಂತವು. ಯಾರೂ ಹಾರ್ನ್ ಹೊಡೆಯಲಿಲ್ಲ. ಇಷ್ಟು ಮರ್ಯಾದೆಯನ್ನು ತಡೆಯಲಾಗದೆ ನಾನು ವಾಪಸು ಮನೆಗೆ ಬಂದೆ. ಹಾಲು ಪ್ರದೀಪನೇ ತಂದ.

ಸಂಜೆಯಾದರೆ ಸೋಫಾದ ಮೇಲೆ ಸಭೆ. ಪ್ರದೀಪ ಮೊಬೈಲಿನಲ್ಲಿ ಮರಳು ದಾಟುವ ವಿಡಿಯೋಗಳನ್ನು ನೋಡಿ ಪಂಡಿತನಾಗಿದ್ದ. ಮರಳಿಗೆ ಇಳಿಯುವ ಮುಂಚೆ ಟಯರಿನ ಗಾಳಿ ಅರ್ಧಕ್ಕರ್ಧ ಇಳಿಸಬೇಕಂತೆ. ಆಗ ಟಯರು ಅಗಲವಾಗಿ ಹರಡಿ ಮರಳಿನ ಮೇಲೆ ತೇಲುತ್ತದಂತೆ. ಇದನ್ನು ಅವನು ಹಮೀದನಿಗೆ ಹೇಳಿದ, ಹೆಂಡತಿಗೆ ಹೇಳಿದ, ನನಗೂ ಹೇಳಿದ. ಇವರು ಆ ಹೊತ್ತಿಗೆ ಬಾಲ್ಕನಿಯಲ್ಲಿ ದಿಯಾಳಿಗೆ ಜೀಪಿನ ಕಥೆ ಹೇಳುತ್ತಿದ್ದರು. ಒಳಗೆ ಬಂದು ಒಂದೇ ಒಂದು ಸಲ, “ಚಕ್ರ ಹೂತರೆ ಎಂತ ಮಾಡುವುದು ಅಂತ ನಾನು ಹೇಳ್ತೇನೆ...” ಎಂದು ಶುರು ಮಾಡಿದರು.

“ಅಪ್ಪ, ಇದು ನಿಮ್ಮ ಜೀಪಿನ ಹಾಗೆ ಅಲ್ಲ. ನೀವು ಆರಾಮ ಕೂತ್ಕೊಳ್ಳಿ” ಎಂದಳು ಸುಪ್ರೀತಾ.

ಪ್ರೀತಿಯಿಂದಲೇ ಹೇಳಿದಳು, ಅದು ನನಗೆ ಗೊತ್ತು. ಇವರು ಆರಾಮವಾಗಿ ಕೂತುಕೊಂಡರು. ಇಡೀ ಪಟ್ಟಿಯಲ್ಲಿ ಇವರ ಹೆಸರಿನ ಮುಂದೆ ಒಂದು ಕೆಲಸವೂ ಇರಲಿಲ್ಲ. ದಿಯಾಳ ಹೆಸರಿನ ಮುಂದೆ ‘ಟಾರ್ಚ್’ ಎಂದಾದರೂ ಇತ್ತು.

ಅದೇ ಸಂಜೆ ದಿಯಾ ಐಸ್‌ಕ್ರೀಂ ಬೇಕೆಂದಳು. “ನೋಡುವ ಮಗಾ” ಎಂದೆ.

“ಹಾಗಾದ್ರೆ ಇಲ್ಲ” ಎಂದು ಹೇಳಿ ಅವಳು ಆಟಕ್ಕೆ ಹೋದಳು. ಊರಿನಲ್ಲಿ ಹುಟ್ಟದಿದ್ದರೂ ಊರಿನ ಭಾಷೆ ಅವಳಿಗೆ ಸರಿಯಾಗಿ ಬಂದಿದೆ.

ಬಿದಿಯಾ: ಡಾಂಬರು ಮುಗಿಯುವಲ್ಲಿ

ಮಸ್ಕತ್ತಿನಿಂದ ಮೂರು ತಾಸು ಬಂದರೆ ಬಿದಿಯಾ ಎಂಬ ಊರು. ಅಂಗಡಿ ಸಾಲು ಮುಗಿದದ್ದೇ ಮರಳು ಶುರು. ಊರಿಗೆ ಬೇಲಿ ಹಾಕಿದ ಹಾಗೆ ಕಿತ್ತಳೆ ಬಣ್ಣದ ದಿಬ್ಬಗಳು. ಇಲ್ಲಿ ಟಯರಂಗಡಿಯವರ ಕೆಲಸ ನಮ್ಮ ಕಡೆಗಿಂತ ಉಲ್ಟಾ: ಗಾಳಿ ತೆಗೆಯುವುದು. ಪ್ರದೀಪ ಮತ್ತು ಹಮೀದ್ ಗೇಜು ಹಿಡಿದು ಬಗ್ಗಿ ಬಗ್ಗಿ ನೋಡಿ ಗಾಳಿ ತೆಗೆಸಿದರು. ಇವರು ಎದುರಿನ ಮಲಯಾಳಿ ಹೋಟೆಲಿನಲ್ಲಿ ಚಾ ಕುಡಿಯುತ್ತ, ಅಲ್ಲಿನವರಿಗೆ ಕುದುರೆಮುಖ ಎಲ್ಲಿದೆ ಎಂದು ವಿವರಿಸುತ್ತಿದ್ದರು. ನಾನು ನೋಡಿದೆ, ಕರೆಯಲಿಲ್ಲ. ಇಷ್ಟು ದಿನ ಎಲ್ಲವನ್ನೂ ಇವರಿಗೆ ಹೇಳದೆ ನಡೆಸಿದ ಹಾಗೆ ಇದೂ ನಡೆಯಿತು.

ಆಮೇಲಿನ ಒಂದು ಗಂಟೆ ನಾನು ದೇವರ ಹೆಸರು ಬಿಟ್ಟು ಬೇರೆ ಮಾತಾಡಲಿಲ್ಲ. ದಿಬ್ಬ ಏರುವಾಗ ಕಿಟಕಿಯಲ್ಲಿ ಆಕಾಶ ಮಾತ್ರ, ಇಳಿಯುವಾಗ ಮರಳು ಮಾತ್ರ. ಇವರು ಹಿಂದಿನ ಸೀಟಿನಲ್ಲಿ ನನ್ನ ಪಕ್ಕ ಕೂತು, ಪ್ರತಿ ಏರಿಗೂ ಬಲಗಾಲಿನಿಂದ ನೆಲ ಒತ್ತುತ್ತಿದ್ದರು. ಇಳಿಜಾರು ಬಂದರೆ ಎಡಗೈ ಗೇರು ಹುಡುಕುತ್ತ ನನ್ನ ಮಂಡಿಗೆ ಬರುತ್ತಿತ್ತು. ನಾನು ಎರಡು ಸಲ ಸೆಕೆಂಡ್ ಗೇರಿಗೆ ಬಿದ್ದೆ.

ಡೇರೆ ಹಾಕುವಷ್ಟರಲ್ಲಿ ಸೂರ್ಯ ಮುಳುಗಿತು. ಗಾಳಿ ತುಂಬುವ ಹಾಸಿಗೆ ಎಲ್ಲೋ ತೂತಾಗಿ ಹತ್ತೇ ನಿಮಿಷದಲ್ಲಿ ಮಲಗಿಬಿಟ್ಟಿತು. ಪ್ರದೀಪ ಬಂದು, “ಅತ್ತೆ, ಆ ಚಾಪೆ...” ಎಂದ. ನಾನು ಏನೂ ಹೇಳದೆ ಚಾಪೆ ಬಿಡಿಸಿದೆ. ಹೇಳಬೇಕಾದ್ದನ್ನು ಮುಖವೇ ಹೇಳಿತೆಂದು ಸುಪ್ರೀತಾ ಆಮೇಲೆ ಆಡಿಕೊಂಡಳು. ರಮ್ಲಾ ಮಾಡಿದ ಕೋಳಿ ಸಾರಿಗೆ ರೊಟ್ಟಿ ಪುಡಿ ಹಾಕಿಕೊಂಡು ಎಲ್ಲರೂ ಹೊಟ್ಟೆ ಬಿರಿಯೆ ತಿಂದೆವು.

ಮರಳು: ಬೆಳಿಗ್ಗೆ

ಚಳಿಗೆ ಕೈಬೆರಳು ಮರಗಟ್ಟಿತ್ತು. ಸೂರ್ಯೋದಯ ನೋಡಲು ಎಲ್ಲರೂ ದಿಬ್ಬ ಹತ್ತಿದೆವು. ಇವರು ಮಾತ್ರ, “ಸೂರ್ಯ ಲಾಯಿಲದಲ್ಲೂ ಹುಟ್ಟುತ್ತದೆ. ದಿಯಾ ಏಳುವಾಗ ಯಾರಾದ್ರೂ ಬೇಕಲ್ವಾ?” ಎಂದು ಉಳಿದರು. ದಿಬ್ಬದ ತುದಿಯಲ್ಲಿದ್ದಾಗ ಕೆಳಗಿನಿಂದ ಗುಂಯ್ ಎಂಬ ಸದ್ದು ಕೇಳಿತು. ಮರುಭೂಮಿಯ ಜೇನು ಎಂದುಕೊಂಡೆ. ಜೇನು ಕೂರಲು ಒಂದು ಗಿಡವೂ ಇಲ್ಲ ಎಂಬುದು ಆಗಲೂ ನನ್ನ ತಲೆಗೆ ಹೋಗಲಿಲ್ಲ.

ತಿಂಡಿ ಮುಗಿಸಿ ಹೊರಟೆವು. ‘ಹೊರಡುವ ಮೊದಲು ಟಯರು ನೋಡುವುದು’ ಎಂದು ಪ್ರದೀಪನ ಪಟ್ಟಿಯಲ್ಲಿತ್ತು. ಪಟ್ಟಿ ಮೊಬೈಲಿನಲ್ಲಿತ್ತು. ಮೊಬೈಲಿನಲ್ಲಿ ಚಾರ್ಜ್ ಇರಲಿಲ್ಲ. ಹಮೀದನ ಗಾಡಿ ಮುಂದೆ ಹೋಗಿ ದಿಬ್ಬ ದಾಟಿ ಮರೆಯಾಯಿತು. ನಮ್ಮದು ಅರ್ಧ ದಿಬ್ಬದಲ್ಲಿ ಒಮ್ಮೆ ನಡುಗಿ ನಿಂತಿತು. ಪ್ರದೀಪ ರೇಸ್ ಕೊಟ್ಟ. ಹಿಂದಿನ ಚಕ್ರ ಮರಳು ಎರಚಿತು. ಇನ್ನಷ್ಟು ಕೊಟ್ಟ. ಗಾಡಿ ಹೊಟ್ಟೆಯ ತನಕ ಕೂತಿತು.

ಎಲ್ಲರೂ ಇಳಿದೆವು. ಪ್ರದೀಪ ಟಯರು ಒತ್ತಿ ನೋಡಿ, “ಇದೆಂತದ್ದು, ಕಲ್ಲಿನ ಹಾಗೆ ಉಂಟಲ್ಲ?” ಎಂದ.

“ಅಜ್ಜ ಗಾಳಿ ಹಾಕಿದ್ದು. ನಾನು ಗೇಜು ಹಿಡಿದದ್ದು. ನಿಮಗೆ ಸರ್‌ಪ್ರೈಸ್” ಎಂದಳು ದಿಯಾ.

ವಿಷಯ ಇಷ್ಟು. ಬೆಳಿಗ್ಗೆ ಎದ್ದು ಇವರು ಅಭ್ಯಾಸದಂತೆ ಟಯರಿಗೆ ಒದ್ದಿದ್ದಾರೆ. ನಾಲ್ಕೂ ಮೆತ್ತಗೆ. ಚಳಿಗೆ ಗಾಳಿ ಇಳಿದಿದೆ, ಪಾಪ ಮಕ್ಕಳಿಗೆ ಗೊತ್ತಾಗಿಲ್ಲ ಎಂದು ಕಂಪ್ರೆಸರಿನ ವಯರನ್ನು ಗಾಡಿಯೊಳಗೆ ಸಿಕ್ಕಿಸಿ ನಾಲ್ಕಕ್ಕೂ ಭರ್ತಿ ಗಾಳಿ ತುಂಬಿಸಿದ್ದಾರೆ. ಹಮೀದನ ಗಾಡಿಗೆ ಬೀಗ ಹಾಕಿದ್ದರಿಂದ ಅದು ಬಚಾವ್.

ಸುಪ್ರೀತಾಳಿಗೆ ಸಿಟ್ಟು ನೆತ್ತಿಗೇರಿತು. “ಕೈ ಸುಮ್ಮನೆ ಇರ್ಲಿಕ್ಕೆ ಆಗುವುದಿಲ್ವಾ ಅಪ್ಪ? ಇದಕ್ಕೇ ನಾನು ಹೇಳುವುದು ನಿಮಗೆ ಗಾಡಿ ಬೇಡ ಅಂತ.”

ಇವರು ಟವೆಲಿನಿಂದ ಮುಖ ಒರಸಿಕೊಂಡರು. “ಗಾಳಿ ತೆಗೆದದ್ದು ಅಂತ ನನ್ನತ್ರ ಯಾರೂ ಹೇಳ್ಲಿಲ್ಲ ಮಗಾ” ಎಂದರು.

ಅಷ್ಟೇ ಮಾತು. ಸುಪ್ರೀತಾ ನನ್ನ ಕಡೆ ನೋಡಿದಳು, ನಾನು ಪ್ರದೀಪನ ಕಡೆ ನೋಡಿದೆ, ಪ್ರದೀಪ ಮರಳು ನೋಡಿದ. ಮೂವರಲ್ಲಿ ಯಾರು ಬೇಕಾದರೂ ಒಂದು ಮಾತು ಹೇಳಬಹುದಿತ್ತು. ನನಗೆ ನನ್ನ ಮೇಲೆಯೇ ನಾಚಿಕೆಯಾಯಿತು.

ಇವರು ಮರಳಿನಲ್ಲಿ ಮಂಡಿಯೂರಿ ಮೊದಲನೇ ಟಯರಿನ ಮುಚ್ಚಳ ಬಿಚ್ಚಿದರು.

ಅದೇ ದಿಬ್ಬ: ಕಹ್ವಾ ಕುಡಿಯುವ ಹೊತ್ತು

ಎರಡು ಟಯರು ಆಗುವಷ್ಟರಲ್ಲಿ ಹಳೆಯ ಪಿಕಪ್ ಒಂದು ದಿಬ್ಬದ ಬದಿಯಿಂದ ಬಂತು. ಇಳಿದವರು ಬಿಳಿ ಗಡ್ಡದ ಅಜ್ಜ, ಹೆಸರು ಸಲೀಂ. ಹಿಂದೆ ಎರಡು ಆಡು. ನಮ್ಮ ಗಾಡಿ ಹೂತದ್ದನ್ನು ನೋಡಿ ಅವರಿಗೆ ಏನೂ ಅನಿಸಿದಂತೆ ಕಾಣಲಿಲ್ಲ. ಮೊದಲು ಒಂದು ಜಮಖಾನೆ ಹಾಸಿದರು. ಫ್ಲಾಸ್ಕಿನಿಂದ ಕಹ್ವಾ ಎಂಬ ಏಲಕ್ಕಿ ಪರಿಮಳದ ಕಾಫಿಯನ್ನು ಪುಟ್ಟ ಕಪ್ಪಿಗೆ ಬಗ್ಗಿಸಿ, ಖರ್ಜೂರದ ಡಬ್ಬಿ ತೆಗೆದರು. ಪ್ರದೀಪ ಹಗ್ಗ ತೋರಿಸಿ ಅವಸರ ಮಾಡಿದ. ಅಜ್ಜ ಅವನಿಗೂ ಒಂದು ಕಪ್ಪು ಕೊಟ್ಟು ಕೂರಿಸಿದರು.

ಕುಡಿದು ಮುಗಿಸಿದ ತಕ್ಷಣ ಅವರು ಮತ್ತೆ ತುಂಬುತ್ತಾರೆ. ನಾನು ಊರಿನ ರೂಢಿಯಂತೆ “ಸಾಕು, ಸಾಕು” ಎಂದು ಐದು ಕಪ್ಪು ಕುಡಿದೆ. ಆಮೇಲೆ ಪ್ರದೀಪ ಹೇಳಿದ: ಖಾಲಿ ಕಪ್ಪನ್ನು ಎರಡು ಸಲ ಅಲ್ಲಾಡಿಸಿ ಕೊಟ್ಟರೆ ಸಾಕು ಎಂದರ್ಥ, ಮತ್ತೆ ಒತ್ತಾಯವಿಲ್ಲ. ಕಪ್ಪು ಅಲ್ಲಾಡಿಸಿದೆ, ನಿಜವಾಗಿ ನಿಲ್ಲಿಸಿದರು. ನಮ್ಮಲ್ಲಿ ಹೀಗೊಂದು ಸಾಧನವಿದ್ದಿದ್ದರೆ ಎಷ್ಟು ಮದುವೆ ಊಟಗಳಲ್ಲಿ ನಾನು ಬದುಕಿಕೊಳ್ಳುತ್ತಿದ್ದೆ ಎಂದು ಯೋಚನೆಯಾಯಿತು.

ಅಷ್ಟರಲ್ಲಿ ಸಲೀಂ ಅಜ್ಜ ಎದ್ದು ಇವರ ಪಕ್ಕ ಹೋಗಿ ಕುಕ್ಕರಗಾಲಿನಲ್ಲಿ ಕೂತಿದ್ದರು. ಇವರು ಗೇಜು ಮುಟ್ಟದೆ, ಟಯರಿನ ಹೊಟ್ಟೆಯನ್ನು ಅಂಗೈಯಿಂದ ಒತ್ತಿ ನೋಡಿ ಗಾಳಿ ಬಿಡುತ್ತಿದ್ದರು. ಅಜ್ಜ ತಾನೂ ಒತ್ತಿ ನೋಡಿ ಇನ್ನೂ ಸ್ವಲ್ಪ ಎಂದು ಬೆರಳು ತೋರಿಸಿದರು. ಇವರು ತುಳುವಿನಲ್ಲಿ, ಅವರು ಅರಬ್ಬಿಯಲ್ಲಿ. ಒಮ್ಮೆ ಇಬ್ಬರೂ ಒಟ್ಟಿಗೆ ನಕ್ಕರು. ಏನಕ್ಕೆಂದು ನಮಗೆ ಯಾರಿಗೂ ತಿಳಿಯಲಿಲ್ಲ. ಪ್ರದೀಪನ ಬಗ್ಗೆಯೇ ಇರಬೇಕು.

ಆಮೇಲೆ ಇವರು ನನ್ನ ಕಡೆ ತಿರುಗಿದರು. “ಚಾಪೆ ಕೊಡು. ಊರಲ್ಲಿ ಆದ್ರೆ ತೆಂಗಿನ ಮಡಲು ಹಾಕ್ತಿದ್ದೆ.”

ನನ್ನ ಎರಡು ಚಾಪೆ ಹಿಂದಿನ ಎರಡು ಚಕ್ರದ ಬುಡಕ್ಕೆ ಹೋದವು. ಚಕ್ರದ ಮುಂದಿನ ಮರಳನ್ನು ಇಬ್ಬರು ಮುದುಕರೂ ಸೇರಿ ಸಲಿಕೆಯಲ್ಲಿ ಎಳೆದರು. ಎಲ್ಲ ಮುಗಿದ ಮೇಲೆ ಸಲೀಂ ಅಜ್ಜ ಪ್ರದೀಪನ ಮುಂದೆ ಕೈ ಚಾಚಿ ಕೀ ಕೇಳಿದರು. ಅವರೇ ತೆಗೆದುಕೊಡುತ್ತಾರೆ ಎಂದು ಪ್ರದೀಪ ಕೊಟ್ಟ. ಅಜ್ಜ ನೇರವಾಗಿ ಹೋಗಿ ಅದನ್ನು ಇವರ ಅಂಗೈಯಲ್ಲಿಟ್ಟರು. ಈ ಗುಂಪಿನಲ್ಲಿ ಡ್ರೈವರ್ ಯಾರು ಎಂಬುದರಲ್ಲಿ ಅವರಿಗೆ ಅನುಮಾನವೇ ಇರಲಿಲ್ಲ.

ಇವರು ಕೀ ಹಿಡಿದು ನಿಂತರು. ಬೆರಳು ಮಡಚಲೂ ಇಲ್ಲ, ವಾಪಸು ಕೊಡಲೂ ಇಲ್ಲ. ಮಗಳ ಮುಖವನ್ನೇ ನೋಡಿದರು. ಒಂದು ವರ್ಷದಿಂದ ಕೇಳದೆ ಉಳಿಸಿಕೊಂಡದ್ದನ್ನು ಅಲ್ಲಿ ನಿಂತು ಕೇಳುತ್ತಿದ್ದರು, ಬಾಯಿ ಬಿಡದೆ.

“ನೋ...” ಎಂದು ಪ್ರದೀಪ ಶುರು ಮಾಡಿದ.

“ಸುಮ್ನಿರಿ ನೀವು” ಎಂದಳು ಸುಪ್ರೀತಾ. ಕಣ್ಣು ಒರಸಿಕೊಂಡು ಗಾಡಿಯ ಮುಂದಿನ ಬಾಗಿಲು ತೆರೆದು ಹತ್ತಿ ಕೂತಳು. “ಹೋಗುವ ಅಪ್ಪ.”

“ನೀನು ಬೇಡ ಮಗಾ, ಭಾರ ಕಡಿಮೆ ಇರ್ಬೇಕು.”

“ನಾನು ಇಳಿಯುವುದಿಲ್ಲ. ಹೋಗುವ.”

ಇವರು ಟವೆಲು ಕೊಡವಿ ಹೆಗಲಿಗೆ ಹಾಕಿ, ಗತ್ತಿನಿಂದ ಬಲಗಡೆಗೆ ಹೋಗಿ ಬಾಗಿಲು ತೆಗೆದರು. ಅಲ್ಲಿ ಸ್ಟೇರಿಂಗ್ ಇರಲಿಲ್ಲ, ಮಗಳಿದ್ದಳು. ಆ ದೇಶದಲ್ಲಿ ಸ್ಟೇರಿಂಗ್ ಎಡಕ್ಕೆ. ಏನೂ ಆಗದವರಂತೆ ಬಾಗಿಲು ಮುಚ್ಚಿ, ಸುತ್ತು ಬಂದು, ದಾರಿಯಲ್ಲಿ ನಾಲ್ಕು ಟಯರಿಗೂ ಒಂದೊಂದು ಒದೆ ಕೊಟ್ಟು ಹತ್ತಿದರು.

“ಕ್ಲಚ್ ಇಲ್ಲ ಮಾವ. ಎಡಗಾಲು ಮಡಚಿ ಇಡಿ” ಎಂದ ಪ್ರದೀಪ. ಈ ಪ್ರವಾಸದಲ್ಲಿ ಅವನು ಮಾವನಿಗೆ ಹೇಳಿದ ಮೊದಲ ಉಪಯೋಗದ ಮಾತು ಅದು.

ಇವರು ರೇಸ್ ಕೊಡಲಿಲ್ಲ. ಗಾಡಿ ಒಮ್ಮೆ ಮುಂದಕ್ಕೆ, ಒಮ್ಮೆ ಹಿಂದಕ್ಕೆ ತೂಗಿತು. ಚಾಪೆ ಚರಚರ ಹರಿದ ಸದ್ದಾಯಿತು. ಮತ್ತೆ ನಿಧಾನಕ್ಕೆ, ಕೆಸರಿನಿಂದ ಎದ್ದ ಎಮ್ಮೆಯ ಹಾಗೆ, ಗಾಡಿ ಮೇಲೆ ಬಂತು. ಬಂದದ್ದು ನಿಲ್ಲಲಿಲ್ಲ. ಮೆತ್ತಗಿನ ಮರಳಿನಲ್ಲಿ ನಿಲ್ಲಿಸಬಾರದು ಎಂದು ಸಲೀಂ ಅಜ್ಜ ಕೈಸನ್ನೆ ಮಾಡಿದರು. ದಿಬ್ಬದ ತುದಿ ದಾಟಿ ಕೆಳಗಿನ ಬಯಲಿಗೆ ಇಳಿಯಿತು. ನಾವೂ ಹಿಂದೆಯೇ ತುದಿಗೆ ಹತ್ತಿದೆವು. ಅಲ್ಲಿ ನೆಲ ಗಟ್ಟಿ. ನಿಲ್ಲಿಸಬಹುದಿತ್ತು. ವಾಪಸು ದಿಬ್ಬ ಹತ್ತಲಾಗದೆ ಹಮೀದ್ ಅಲ್ಲೇ ಕಾಯುತ್ತಿದ್ದ, ಕೈ ಬೀಸಿದ. ಗಾಡಿ ಅವನ ಸುತ್ತ ಒಂದು ಸುತ್ತು ಬಂದು ಬಯಲಿನ ಆಚೆ ಕೊನೆಗೆ ಹೋಯಿತು. ಕಿಟಕಿಯಿಂದ ಮಗಳ ದುಪ್ಪಟ್ಟಾ ಹಾರುತ್ತಿತ್ತು. ಅವಳು ನಗುತ್ತಿದ್ದಾಳೋ ಕಿರುಚುತ್ತಿದ್ದಾಳೋ, ಗಾಳಿಯಲ್ಲಿ ಸದ್ದು ಮಾತ್ರ ಬರುತ್ತಿತ್ತು.

ಪ್ರದೀಪ ಹರಿದ ಚಾಪೆ ಸುತ್ತುತ್ತ ದಿಬ್ಬ ಇಳಿಯತೊಡಗಿದ. ನಾನು, ದಿಯಾ, ಸಲೀಂ ಅಜ್ಜ ತುದಿಯಲ್ಲಿ ಉಳಿದೆವು.

“ಅಜ್ಜಿ, ಅಜ್ಜ ಯಾವಾಗ ನಿಲ್ಲಿಸುವುದು?” ಎಂದು ಕೇಳಿದಳು ದಿಯಾ.

“ನೋಡುವ” ಎಂದೆ.

ಅವಳು ಅನುಮಾನದಿಂದ ನನ್ನ ಮುಖ ನೋಡಿದಳು. ನಾನು ಅವಳನ್ನು ಎತ್ತಿಕೊಂಡು ಬಯಲಿನ ಕಡೆ ತಿರುಗಿಸಿದೆ. ಗಾಡಿ ಆಚೆ ಕೊನೆಯಲ್ಲಿ ತಿರುಗಿ ಮತ್ತೊಂದು ಸುತ್ತಿಗೆ ಹೊರಟಿತ್ತು. ನಾವು ನಿಂತು ನೋಡಿದೆವು.